ಸಕ್ಕರೆ ಹಾಕದ ಕಾಫಿಗೂ ಶುಗರ್ ಏರುತ್ತದೆ

ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ರಕ್ತ ಪರೀಕ್ಷೆಗೆ ಶಿವಮೊಗ್ಗಕ್ಕೆ ಹೊರಟಿದ್ದೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರು. ನಮ್ಮ ಮನೆ ಇರುವುದು ತೀರ್ಥಹಳ್ಳಿ ಪೇಟೆಯಿಂದ ಇನ್ನೂ ಒಳಗೆ, ಅಡಿಕೆ ತೋಟದ ಪಕ್ಕ. ಆರು ಗಂಟೆ ಬಸ್ಸು ಹಿಡಿಯಬೇಕು ಅಂದರೆ ಐದಕ್ಕೇ ಏಳಬೇಕು. ಎದ್ದೆ, ಸ್ನಾನ ಮಾಡಿದೆ, ದಿನದ ಹಾಗೇ ಒಂದು ಲೋಟ ಕಪ್ಪು ಕಾಫಿ ಕುಡಿದು ಕೊಡೆ ಹಿಡಿದು ಹೊರಟೆ. ಹಾಲಿಲ್ಲ, ಸಕ್ಕರೆ ಇಲ್ಲ, ಬೆಲ್ಲವೂ ಇಲ್ಲ. ನನ್ನ ಲೆಕ್ಕದಲ್ಲಿ ಅದು ನೀರಿಗೆ ಸಮ.

ರಿಪೋರ್ಟಿನಲ್ಲಿ ಫಾಸ್ಟಿಂಗ್ ಶುಗರ್ 141 ಬಂತು. ಮನೆಯಲ್ಲಿ ಎದ್ದ ತಕ್ಷಣ ನೋಡಿಕೊಂಡರೆ 115, 120ರ ಆಸುಪಾಸಿನಲ್ಲೇ ಇರುತ್ತಿತ್ತು. ಡಾಕ್ಟರು ಮಾತ್ರೆ ಜಾಸ್ತಿ ಮಾಡಲು ಪೆನ್ನು ತೆಗೆದಿದ್ದರು. ಬರೆಯುವ ಮೊದಲು ಒಂದು ಮಾತು ಕೇಳಿದರು, "ಬೆಳಿಗ್ಗೆ ಏನಾದರೂ ಕುಡಿದಿದ್ದಿರಾ?" ಸಕ್ಕರೆ ಹಾಕದ ಕಾಫಿ ಅಷ್ಟೇ ಅಂದೆ. ಅವರು ಪೆನ್ನು ಕೆಳಗಿಟ್ಟರು. "ಕಾಫಿ ಕುಡಿದರೆ ಅದು ಫಾಸ್ಟಿಂಗ್ ಆಗಲ್ಲ. ಬರೀ ನೀರು ಕುಡಿದು ಇನ್ನೊಂದು ದಿನ ಬನ್ನಿ" ಅಂದರು.

ಆ ಒಂದು ಪ್ರಶ್ನೆ ಕೇಳದೇ ಹೋಗಿದ್ದರೆ ನಾನು ಬೇಡದ ಮಾತ್ರೆ ನುಂಗುತ್ತಾ ಇರುತ್ತಿದ್ದೆ. ರಕ್ತ ತೆಗೆದವರು ಕೇಳಿರಲಿಲ್ಲ, ನನಗೂ ಹೇಳಬೇಕು ಅಂತ ಗೊತ್ತಿರಲಿಲ್ಲ. ಇದನ್ನು ಬರೆಯುತ್ತಿರುವುದೇ ಅದಕ್ಕೆ. ನಮ್ಮ ಕಡೆ ಶುಗರ್ ಬಂದವರು ಮೊದಲು ಮಾಡುವ ಕೆಲಸ ಕಾಫಿಗೆ ಸಕ್ಕರೆ ಬಿಡುವುದು. ಬಿಟ್ಟ ಮೇಲೆ ಕಾಫಿಯ ಬಗ್ಗೆ ಮತ್ತೆ ಯೋಚನೆಯೇ ಮಾಡುವುದಿಲ್ಲ. ಕಹಿ ಕಾಫಿ ಅಲ್ವಾ, ಎಷ್ಟು ಕುಡಿದರೇನು ಅನ್ನುವ ಧೈರ್ಯ. ನಾನೂ ದಿನಕ್ಕೆ ಐದಾರು ಲೋಟ ಕುಡಿಯುತ್ತಿದ್ದೆ.

ಬಸ್ಸಿನಲ್ಲಿ ವಾಪಸ್ ಬರುವಾಗ, ಮಂಡಗದ್ದೆ ದಾಟುವಷ್ಟರಲ್ಲಿ, ಇದನ್ನು ನಾನೇ ನೋಡಿಬಿಡಬೇಕು ಅಂತ ತೀರ್ಮಾನ ಮಾಡಿದೆ. ಮೀಟರ್ ಮನೆಯಲ್ಲೇ ಇತ್ತು. ಸ್ಟ್ರಿಪ್ ಒಂದು ಡಬ್ಬ ಜಾಸ್ತಿ ತಂದೆ. ಅಡಿಕೆ ಲೆಕ್ಕ ಬರೆಯುವ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯಲು ಶುರು ಮಾಡಿದೆ.

ಮೊದಲ ಆರು ದಿನ ಬೆಳಿಗ್ಗೆ ಕಾಫಿ ಇಲ್ಲ. ಐದೂವರೆಗೆ ಎದ್ದು ಒಂದು ಸಲ, ಏಳೂವರೆಗೆ ತಿಂಡಿಗೆ ಮೊದಲು ಇನ್ನೊಂದು ಸಲ ನೋಡಿದೆ. ಮಧ್ಯೆ ಬರೀ ನೀರು. ಸರಾಸರಿ 118ರಿಂದ 125ಕ್ಕೆ ಹೋಯಿತು. ಏನೂ ತಿನ್ನದೆ ಏಳು ಅಂಕ ಏರಿದ್ದು ನೋಡಿ ಮೊದಲು ಗಾಬರಿಯಾಯಿತು. ಆಮೇಲೆ ತಿಳಿಯಿತು, ಬೆಳಗಿನ ಜಾವ ದೇಹ ಏಳುವುದಕ್ಕೆ ತಯಾರಿ ಮಾಡಿಕೊಳ್ಳುವಾಗ ಕಾರ್ಟಿಸಾಲ್ ಥರದ ಹಾರ್ಮೋನುಗಳು ಏರುತ್ತವೆ, ಲಿವರ್ ತನ್ನಲ್ಲಿ ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಇದು ಎಲ್ಲರಿಗೂ ಆಗುತ್ತದೆ. ಶುಗರ್ ಇಲ್ಲದವರಿಗೆ ಇನ್ಸುಲಿನ್ ಅದನ್ನು ತಕ್ಷಣ ಸಂಭಾಳಿಸುತ್ತದೆ, ನಮ್ಮಂಥವರಿಗೆ ಹಾಗೇ ಉಳಿಯುತ್ತದೆ.

ಮುಂದಿನ ಆರು ದಿನ ಎಲ್ಲಾ ಅದೇ ಥರ, ಆದರೆ ಎದ್ದ ತಕ್ಷಣ ಒಂದು ಲೋಟ ಕಪ್ಪು ಕಾಫಿ. ಸರಾಸರಿ 117ರಿಂದ 136.

ಆಮೇಲೆ ತಿಂಡಿಯ ಜೊತೆ ನೋಡಿದೆ. ನಮ್ಮ ಮನೆ ತಿಂಡಿ ಅಂದರೆ ಅಕ್ಕಿ ರೊಟ್ಟಿ. ಎರಡು ರೊಟ್ಟಿ, ಕಾಯಿ ಚಟ್ನಿ, ಕಾಫಿ ಇಲ್ಲ: ಎರಡು ಗಂಟೆ ಆದ ಮೇಲೆ 178. ಅದೇ ಎರಡು ರೊಟ್ಟಿ, ಅದೇ ಚಟ್ನಿ, ಮೊದಲು ಒಂದು ಲೋಟ ಸ್ಟ್ರಾಂಗ್ ಕಾಫಿ: 207. ಇದೂ ಆರಾರು ದಿನದ ಸರಾಸರಿ. ಒಂದೇ ದಿನ ನೋಡಿ ತೀರ್ಮಾನಕ್ಕೆ ಬರಬೇಡಿ. ಮನೆಯ ಮೀಟರ್ ಲ್ಯಾಬಿನ ಅಂಕಿಗಿಂತ ಶೇಕಡಾ 15ರವರೆಗೆ ಆಚೀಚೆ ತೋರಿಸಿದರೂ ಅದನ್ನು ಸರಿಯಾದ ಮೀಟರ್ ಅಂತಲೇ ಒಪ್ಪುತ್ತಾರೆ. ಕೈಗೆ ಬಾಳೆಹಣ್ಣಿನ ರಸ ತಾಗಿದ್ದರೂ ಅಂಕಿ ಹಾರುತ್ತದೆ. ಕೈ ತೊಳೆದು, ಒರೆಸಿ, ಒಂದೇ ಹೊತ್ತಿಗೆ, ನಾಲ್ಕಾರು ದಿನ ನೋಡಿದರೆ ಮಾತ್ರ ಏನಾದರೂ ಗೊತ್ತಾಗುತ್ತದೆ.

ಸಕ್ಕರೆಯೇ ಇಲ್ಲದ ಕಾಫಿ ಶುಗರ್ ಏರಿಸುವುದು ಹೇಗೆ? ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ನಮ್ಮ ಮೈಯಲ್ಲಿ ಅಡೆನೊಸಿನ್ ಅಂತ ಒಂದು ಇದೆ. ಸಾಕು, ಸುಸ್ತಾಗಿದೆ, ನಿಧಾನ ಮಾಡು ಅಂತ ಮೈಗೆ ಹೇಳುವುದು ಅದರ ಕೆಲಸ. ಕಾಫಿಯಲ್ಲಿರುವ ಕೆಫೀನ್ ಅನ್ನುವ ಅಂಶ ನೋಡಲು ಹೆಚ್ಚುಕಡಿಮೆ ಅದರ ಹಾಗೇ ಇರುವುದರಿಂದ ಅದು ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂತುಬಿಡುತ್ತದೆ. ನಿದ್ದೆ ಹಾರುವುದು ಅದರಿಂದಲೇ. ಜೊತೆಗೆ ಅಡ್ರಿನಲಿನ್ ಏರುತ್ತದೆ. ಅಡ್ರಿನಲಿನ್ ಅಂದರೆ ಹಾವು ಕಂಡಾಗ ಮೈಯಲ್ಲಿ ಜುಂ ಅನ್ನುತ್ತದಲ್ಲ, ಅದು. ಓಡಬೇಕು, ಶಕ್ತಿ ಬೇಕು ಅಂತ ಲಿವರ್ ಕಣಜದ ಬಾಗಿಲು ತೆಗೆದು ಗ್ಲೂಕೋಸ್ ಸುರಿಯುತ್ತದೆ. ಅದೇ ಹೊತ್ತಿಗೆ ಮಾಂಸಖಂಡಗಳು ಇನ್ಸುಲಿನ್ ಮಾತನ್ನು ಸ್ವಲ್ಪ ಕಡಿಮೆ ಕೇಳುತ್ತವೆ. ಆದರೆ ನಾವು ಓಡುವುದಿಲ್ಲ, ಜಗಲಿಯಲ್ಲಿ ಕೂತು ಪೇಪರ್ ಓದುತ್ತೇವೆ. ಬಂದ ಗ್ಲೂಕೋಸ್ ರಕ್ತದಲ್ಲೇ ನಿಲ್ಲುತ್ತದೆ.

ಇದು ನನ್ನೊಬ್ಬನ ನೋಟ್‌ಬುಕ್ಕಿನ ಮಾತಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಟೈಪ್ 2 ಡಯಾಬಿಟಿಸ್ ಇದ್ದು ದಿನಾ ಕಾಫಿ ಕುಡಿಯುವ ಅಭ್ಯಾಸ ಇದ್ದ 10 ಜನರಿಗೆ ಒಂದು ದಿನ ಕೆಫೀನ್ ಗುಳಿಗೆ, ಇನ್ನೊಂದು ದಿನ ಏನೂ ಇಲ್ಲದ ಸುಮ್ನೆ ಗುಳಿಗೆ ಕೊಟ್ಟರು. ಕೆಫೀನ್ ಒಟ್ಟು 500 ಮಿಲಿಗ್ರಾಂ, ಅಂದರೆ ಹತ್ತಿರ ಹತ್ತಿರ ನಾಲ್ಕೈದು ಕಪ್ ಕಾಫಿಯಷ್ಟು. ಮೈಗೆ ಸೆನ್ಸರ್ ಹಾಕಿ ಗ್ಲೂಕೋಸ್ ನೋಡಿದರು. ಕೆಫೀನ್ ತಗೊಂಡ ದಿನ ಹಗಲಿನ ಸರಾಸರಿ ಶೇಕಡಾ 7.5ರಷ್ಟು ಜಾಸ್ತಿ. ಬೆಳಗಿನ ತಿಂಡಿಯ ನಂತರ ಶೇಕಡಾ 9, ಮಧ್ಯಾಹ್ನದ ಊಟದ ನಂತರ 15, ರಾತ್ರಿ ಊಟದ ನಂತರ 26. ಬರೀ 10 ಜನ, ಸಣ್ಣ ಅಧ್ಯಯನ, ನಿಜ. ಆದರೆ ಅವರೆಲ್ಲ ಕಾಫಿ ಅಭ್ಯಾಸ ಇದ್ದವರೇ ಅನ್ನುವುದನ್ನು ಗಮನಿಸಿ. "ನನಗೆ ಮೂವತ್ತು ವರ್ಷದಿಂದ ಅಭ್ಯಾಸ, ಏನೂ ಆಗಲ್ಲ" ಅನ್ನುವ ಮಾತನ್ನು ನಾನು ಆವತ್ತೇ ಬಿಟ್ಟೆ.

ಇದನ್ನು ನಮ್ಮ ನೆಂಟರೊಬ್ಬರಿಗೆ ಹೇಳಿದಾಗ ಅವರು ಫೋನ್ ತೆಗೆದು ತೋರಿಸಿದರು, ಕಾಫಿ ಕುಡಿದರೆ ಶುಗರ್ ಬರುವುದೇ ಇಲ್ಲವಂತೆ ನೋಡು ಅಂತ. ಆ ಮಾತಿಗೂ ಆಧಾರ ಇದೆ, ಇಲ್ಲ ಅನ್ನುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ 17 ಸಾವಿರಕ್ಕೂ ಜಾಸ್ತಿ ಜನರನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಏಳು ಕಪ್ ಅಥವಾ ಅದಕ್ಕೂ ಜಾಸ್ತಿ ಕುಡಿಯುವವರಿಗೆ ಟೈಪ್ 2 ಡಯಾಬಿಟಿಸ್ ಬರುವುದು, ಎರಡು ಕಪ್ ಅಥವಾ ಅದಕ್ಕಿಂತ ಕಡಿಮೆ ಕುಡಿಯುವವರಿಗಿಂತ ಅರ್ಧದಷ್ಟು ಅಂತ ಕಂಡಿತ್ತು. 2014ರಲ್ಲಿ 28 ಅಧ್ಯಯನಗಳನ್ನು, 11 ಲಕ್ಷ ಜನರ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಅದೇ ದಿಕ್ಕು. ಅದರಲ್ಲಿ ಒಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸಿತು. ಕೆಫೀನ್ ತೆಗೆದ ಡಿಕ್ಯಾಫ್ ಕಾಫಿ ಕುಡಿಯುವವರಲ್ಲೂ ಅಪಾಯ ಕಡಿಮೆ ಕಂಡಿತ್ತು. ಅಂದರೆ ಒಳ್ಳೆಯದು ಏನಾದರೂ ಇದ್ದರೆ ಅದು ಕೆಫೀನಿನಲ್ಲಿ ಅಲ್ಲ, ಕಾಫಿ ಬೀಜದ ಬೇರೆ ಅಂಶಗಳಲ್ಲಿ ಇರಬೇಕು, ಕ್ಲೋರೊಜೆನಿಕ್ ಆಮ್ಲದಂಥವುಗಳಲ್ಲಿ.

ಆದರೆ ಇವೆಲ್ಲ ಶುಗರ್ ಇನ್ನೂ ಬರದವರ ಲೆಕ್ಕ. ಬಂದ ಮೇಲೆ ಅದನ್ನು ಇಳಿಸುತ್ತದೆ ಅಂತ ಅಲ್ಲಿ ಎಲ್ಲೂ ಹೇಳಿಲ್ಲ. ಕಾಫಿಯಿಂದಲೇ ತಪ್ಪಿತು ಅಂತಲೂ ಹೇಳುವ ಹಾಗಿಲ್ಲ, ಕಾಫಿ ಕುಡಿಯುವವರ ಉಳಿದ ಅಭ್ಯಾಸಗಳೂ ಬೇರೆ ಇರಬಹುದು. ಬರದಂತೆ ತಡೆಯುವುದು ಬೇರೆ, ಬಂದಿದ್ದನ್ನು ನಿಭಾಯಿಸುವುದು ಬೇರೆ. ನೆಂಟರಿಗೆ ಇಷ್ಟು ವಿವರಿಸಲು ನನಗೆ ಎರಡು ಭೇಟಿ ಬೇಕಾಯಿತು, ಎರಡೂ ಸಲ ಅವರು ಕಾಫಿ ಕೊಟ್ಟೇ ಕಳಿಸಿದರು.

ಅದೇ ನೋಡಿ ನಮ್ಮ ಮಲೆನಾಡಿನ ಕಷ್ಟ. ಇಲ್ಲಿ ಕಾಫಿ ಬರೀ ಕುಡಿಯುವ ವಸ್ತು ಅಲ್ಲ. ಯಾರ ಮನೆಗೆ ಹೋದರೂ ಕೂತ ಐದು ನಿಮಿಷಕ್ಕೆ ಲೋಟ ಬರುತ್ತದೆ. ಬೇಡ ಅಂದರೆ "ಏನು, ನಮ್ಮನೆಯಲ್ಲಿ ಕುಡಿಯಲ್ವಾ" ಅಂತ ಮುಖ ಸಣ್ಣ ಮಾಡುತ್ತಾರೆ. ಯೆಮನ್‌ನಿಂದ ಬಾಬಾ ಬುಡನ್ ಏಳು ಬೀಜ ತಂದು ಬಿತ್ತಿದರು ಅಂತ ಕಥೆ ಹೇಳುತ್ತಾರಲ್ಲ, ಆ ಗಿರಿ ಇರುವುದು ನಮ್ಮ ಪಕ್ಕದ ಚಿಕ್ಕಮಗಳೂರಿನಲ್ಲೇ. ನಮ್ಮ ತೋಟದಲ್ಲೂ ಅಡಿಕೆ ಮರಗಳ ನಡುವೆ ಕಾಫಿ ಗಿಡ ಇದೆ. ನಾವೇ ಬೆಳೆದು, ಒಣಗಿಸಿ, ಹುರಿದು, ಪುಡಿ ಮಾಡಿಸಿ ಕುಡಿಯುವುದು. ಅದನ್ನು ಬಿಡಿ ಅಂತ ಯಾರಾದರೂ ಹೇಳಿದರೆ ನನಗೆ ಆಗುವುದಿಲ್ಲ, ನಿಮಗೂ ಹೇಳುವುದಿಲ್ಲ.

ಆದರೆ ಆ ಮನೆ ಪುಡಿಯಲ್ಲೇ ಒಂದು ವಿಷಯ ಇತ್ತು. ನಮ್ಮಲ್ಲಿರುವುದು ರೊಬಸ್ಟಾ. ಅರೇಬಿಕಾಕ್ಕೆ ಹೋಲಿಸಿದರೆ ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು. ಚಿಕೋರಿ ಹಾಕುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ, ಶುದ್ಧ ಪುಡಿ ಅನ್ನುವ ಹೆಮ್ಮೆ. ಅಂದರೆ ನಾನು ಕುಡಿಯುತ್ತಿದ್ದ ಒಂದು ಲೋಟ ಬೇರೆಯವರ ಎರಡು ಲೋಟಕ್ಕೆ ಸಮ ಇದ್ದಿರಬೇಕು. ಐದಾರು ಲೋಟ ಅಂದರೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಆರೋಗ್ಯವಂತರಿಗೇ ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ಸಾಕು ಅನ್ನುತ್ತಾರೆ. ಚಿಕೋರಿ ಅನ್ನುವುದು ಒಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲ. ಕಲಬೆರಕೆ ಅಂತ ಅದನ್ನು ಬೈಯುತ್ತಿದ್ದವನು ಈಗ ಸ್ವಲ್ಪ ಬೆರೆಸುತ್ತೇನೆ. ಕೊಪ್ಪದ ಕಡೆಯ ನೆಂಟರಿಂದ ಅರೇಬಿಕಾ ತರಿಸುತ್ತೇನೆ. ರುಚಿಗೆ ಹೊಂದಿಕೊಳ್ಳಲು ತಿಂಗಳು ಬೇಕಾಯಿತು. ಸುಳ್ಳು ಹೇಳುವುದಿಲ್ಲ, ಮೊದಲ ವಾರ ತಲೆನೋವೂ ಬಂತು. ಒಂದೇ ಸಲ ಕಡಿಮೆ ಮಾಡಿದರೆ ಹಾಗಾಗುತ್ತದೆ, ನಿಧಾನಕ್ಕೆ ಇಳಿಸಿ.

ಇನ್ನು ಬೆಲ್ಲ. ಇದರ ಬಗ್ಗೆ ಜೋರಾಗಿಯೇ ಹೇಳುತ್ತೇನೆ. ಸಕ್ಕರೆ ವಿಷ, ಬೆಲ್ಲ ಒಳ್ಳೆಯದು, ಶುಗರ್ ಇದ್ದವರೂ ಬೆಲ್ಲದ ಕಾಫಿ ಕುಡಿಯಬಹುದು ಅನ್ನುವ ಮಾತು ನಮ್ಮ ಊರುಗಳಲ್ಲಿ ಎಷ್ಟು ಓಡಾಡುತ್ತದೆ ಅಂದರೆ, ನನ್ನ ಅಮ್ಮ ಇದನ್ನೇ ನಂಬಿ ವರ್ಷಗಟ್ಟಲೆ ಜೋನಿ ಬೆಲ್ಲದ ಕಾಫಿ ಕುಡಿದರು, ಕೊನೆಗೆ ಕಾಲಿನ ಗಾಯ ಒಣಗದೆ ಪಟ್ಟ ಪಾಡು ನಾನು ನೋಡಿದ್ದೇನೆ. ಬೆಲ್ಲದಲ್ಲಿ ಬಹುಪಾಲು ಇರುವುದು ಅದೇ ಸಕ್ಕರೆ. ಸ್ವಲ್ಪ ಕಬ್ಬಿಣ, ಸ್ವಲ್ಪ ಖನಿಜ ಇರಬಹುದು, ಶುಗರ್ ಏರಿಸುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಒಂದು ಚಮಚ ಸಕ್ಕರೆ ಹತ್ತಿರ 5 ಗ್ರಾಂ. ಲೋಟಕ್ಕೆ ಎರಡು ಚಮಚದಂತೆ ಐದು ಲೋಟ ಅಂದರೆ 50 ಗ್ರಾಂ. ದಿನಕ್ಕೆ ಅದರ ಅರ್ಧಕ್ಕಿಂತ ಕೆಳಗೆ ಇದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಎಲ್ಲರಿಗೂ, ಶುಗರ್ ಇಲ್ಲದವರಿಗೂ. ಕೆಫೀನಿನ ಮಾತೆಲ್ಲ ಇದರ ನಂತರ. ಸಕ್ಕರೆ, ಬೆಲ್ಲ ಇನ್ನೂ ಬಿಟ್ಟಿಲ್ಲ ಅಂದರೆ ಮೊದಲು ಅದನ್ನು ನೋಡಿ. ಹಾಲಿನಲ್ಲೂ 100 ಮಿಲಿಲೀಟರ್‌ಗೆ ಸುಮಾರು 5 ಗ್ರಾಂ ಸಕ್ಕರೆ ಅಂಶ ಇರುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಅಡಿಕೆ ಕೊಯ್ಲಿನ ಕಾಲದಲ್ಲಿ ನನ್ನ ಶುಗರ್ ಪ್ರತಿ ವರ್ಷ ಕೆಡುತ್ತಿತ್ತು. ಅದೇಕೆ ಅಂತ ತಿಳಿಯುತ್ತಿರಲಿಲ್ಲ, ಕೆಲಸ ಜಾಸ್ತಿ ಅಂದರೆ ಇಳಿಯಬೇಕಲ್ವಾ? ಈಗ ಅನ್ನಿಸುತ್ತದೆ, ಆ ರಾತ್ರಿಗಳೇ ಕಾರಣ ಇರಬಹುದು ಅಂತ. ಅಡಿಕೆ ಸುಲಿಯುವವರ ಜೊತೆ ರಾತ್ರಿ ಹನ್ನೊಂದು, ಹನ್ನೆರಡರವರೆಗೆ ಕೂರುವುದು, ಮಧ್ಯೆ ಮಧ್ಯೆ ಕಾಫಿ, ಮತ್ತೆ ಬೆಳಿಗ್ಗೆ ಬೇಗ ಎದ್ದು ಒಲೆ ಹಚ್ಚಿ ಅಡಿಕೆ ಬೇಯಿಸುವುದು, ಕಣ್ಣು ತೆರೆಯಲಿ ಅಂತ ಮತ್ತೆ ಸ್ಟ್ರಾಂಗ್ ಕಾಫಿ. ಒಂದು ಕಾಫಿಯ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಕುಡಿದಿದ್ದು ಬೆಳಗಿನ ಜಾವ ಎರಡಕ್ಕೂ ಅರ್ಧ ಉಳಿದಿರುತ್ತದೆ. ನಿದ್ದೆ ಎಲ್ಲಿ ಬರಬೇಕು?

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 2020ರಲ್ಲಿ ಇದಕ್ಕೆ ತುಂಬಾ ಹತ್ತಿರದ ಒಂದು ಪ್ರಯೋಗ ಪ್ರಕಟಿಸಿದ್ದರು. 29 ಜನ ಆರೋಗ್ಯವಂತರು. ರಾತ್ರಿ ಗಂಟೆಗೊಮ್ಮೆ ಎಬ್ಬಿಸಿ ನಿದ್ದೆ ಕೆಡಿಸಿದರು. ಬೆಳಿಗ್ಗೆ ಸಕ್ಕರೆ ಪಾನೀಯ ಕೊಟ್ಟು ನೋಡಿದಾಗ, ಒಂದು ರಾತ್ರಿ ನಿದ್ದೆ ಕೆಟ್ಟಿದ್ದರಿಂದಲೇ ದೊಡ್ಡ ವ್ಯತ್ಯಾಸ ಆಗಿರಲಿಲ್ಲ. ಆದರೆ ನಿದ್ದೆ ಕೆಟ್ಟ ಮೇಲೆ ಆ ಪಾನೀಯಕ್ಕೆ ಅರ್ಧ ಗಂಟೆ ಮೊದಲು ಸ್ಟ್ರಾಂಗ್ ಕಪ್ಪು ಕಾಫಿ ಕುಡಿಸಿದಾಗ ಶುಗರ್ ಏರಿಕೆ ಸುಮಾರು ಅರ್ಧದಷ್ಟು ಜಾಸ್ತಿ ಆಯಿತು. ಅವರು ಶುಗರ್ ಇಲ್ಲದವರು. ಓದಿದಾಗ ನನಗೆ ನಮ್ಮ ಅಡಿಕೆ ಅಂಗಳವೇ ಕಣ್ಣಿಗೆ ಬಂತು.

ಇನ್ನೊಂದು ವಿಷಯ, ಇದು ಜೀವಕ್ಕೆ ಸಂಬಂಧಿಸಿದ್ದು, ದಯವಿಟ್ಟು ಓದಿ. ನಮ್ಮ ಪಕ್ಕದ ಮನೆಯ ಹಿರಿಯರು ಇನ್ಸುಲಿನ್ ತಗೊಳ್ಳುವವರು. ಒಂದು ಏಕಾದಶಿ ಉಪವಾಸದ ದಿನ ಮಧ್ಯಾಹ್ನ ಅವರಿಗೆ ಕೈ ನಡುಕ, ಎದೆ ಡವಡವ, ಬೆವರು. ಮನೆಯವರು ಸುಸ್ತು ಅಂತ ಸಕ್ಕರೆ ಇಲ್ಲದ ಕಾಫಿ ಕೊಟ್ಟಿದ್ದಾರೆ. ನಾನು ಹೋಗಿ ಮೀಟರ್ ಹಾಕಿದರೆ 54. ಶುಗರ್ ಕಡಿಮೆಯಾದಾಗ ಆಗುವ ನಡುಕ, ಎದೆಬಡಿತ ಜಾಸ್ತಿ ಕಾಫಿ ಕುಡಿದಾಗಲೂ ಆಗುತ್ತದೆ. ಎರಡೂ ಅಡ್ರಿನಲಿನ್ ಕೆಲಸವೇ. ಹಾಗಾಗಿ ಕಾಫಿ ಕುಡಿದಿದ್ದೇನೆ, ಅದಕ್ಕೇ ನಡುಕ ಅಂತ ಸುಮ್ಮನೆ ಕೂರಬೇಡಿ, ತಕ್ಷಣ ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರ್ ಇಲ್ಲದಿದ್ದರೂ ಸಕ್ಕರೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ. ಕಹಿ ಕಾಫಿ ಆ ಹೊತ್ತಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಇನ್ಸುಲಿನ್ ಅಥವಾ ಶುಗರ್ ತುಂಬಾ ಇಳಿಸುವ ಮಾತ್ರೆ ತಗೊಳ್ಳುವವರು ಕಾಫಿ ಒಂದೇ ಸಲ ಬಿಡುವ ಮೊದಲೂ ಡಾಕ್ಟರಿಗೆ ಒಂದು ಮಾತು ಹೇಳಿ, ಇಳಿದ ಅಂಕಿಗೆ ತಕ್ಕ ಹಾಗೆ ಅವರು ಡೋಸ್ ನೋಡಬೇಕಾಗಬಹುದು.

ಈಗ ನಾನು ಮಾಡುತ್ತಿರುವುದು ಇಷ್ಟು. ಎದ್ದ ತಕ್ಷಣ ಕಾಫಿ ಇಲ್ಲ, ಬಿಸಿ ನೀರು, ಇಲ್ಲವೇ ಜೀರಿಗೆ ಕೊತ್ತಂಬರಿ ಕಷಾಯ, ಬೆಲ್ಲ ಹಾಕದೆ. ತೋಟಕ್ಕೆ ಒಂದು ಸುತ್ತು ಹೋಗಿ ಬಂದು ತಿಂಡಿ. ತಿಂಡಿ ಆಗಿ ಒಂದೂವರೆ, ಎರಡು ಗಂಟೆಯ ನಂತರ ದಿನದ ಮೊದಲ ಕಾಫಿ, ಕುಡಿದು ಮತ್ತೆ ಕೆಲಸಕ್ಕೆ. ಮಧ್ಯಾಹ್ನ ಮೂರಕ್ಕೆ ಇನ್ನೊಂದು. ಅಷ್ಟೇ. ಬೇರೆಯವರ ಮನೆಯಲ್ಲಿ ಅರ್ಧ ಲೋಟ, ಅದೂ ಸಂಜೆಯಾಗಿದ್ದರೆ ಮಜ್ಜಿಗೆ ಕೇಳುತ್ತೇನೆ. ಮಜ್ಜಿಗೆ ಕೇಳಿದರೆ ಯಾರೂ ಮುಖ ಸಣ್ಣ ಮಾಡುವುದಿಲ್ಲ, ಇದು ನಾನು ಕಂಡುಕೊಂಡಿದ್ದು. ರೊಟ್ಟಿ ಎರಡರಿಂದ ಒಂದೂವರೆಗೆ ಇಳಿದಿದೆ, ಪಲ್ಯ ಜಾಸ್ತಿಯಾಗಿದೆ, ಅದರ ಪಾಲೂ ಇದೆ, ಎಲ್ಲವನ್ನೂ ಕಾಫಿಯ ಲೆಕ್ಕಕ್ಕೆ ಹಾಕುವುದಿಲ್ಲ.

ನಿಮಗೆ ಇದೇ ಅಂಕಿಗಳು ಬರಬೇಕೆಂದಿಲ್ಲ. ಕೆಫೀನನ್ನು ಲಿವರ್ ಎಷ್ಟು ಬೇಗ ಕರಗಿಸುತ್ತದೆ ಅನ್ನುವುದು ಒಬ್ಬರಿಂದ ಒಬ್ಬರಿಗೆ ಬಹಳ ಬೇರೆ. ನನ್ನ ಹೆಂಡತಿಗೂ ಶುಗರ್ ಇದೆ. ಅವಳಿಗೆ ಅದೇ ಕಾಫಿ ಕುಡಿದು ನಾಲ್ಕೈದು ದಿನ ನೋಡಿದರೂ ವ್ಯತ್ಯಾಸವೇ ಕಾಣಲಿಲ್ಲ. ಅವಳು ಬೆಳಗಿನ ಕಾಫಿ ಬಿಟ್ಟಿಲ್ಲ, ಬಿಡು ಅಂತ ನಾನೂ ಹೇಳಿಲ್ಲ. ನಿಮ್ಮ ಮನೆಯಲ್ಲಿ ಮೀಟರ್ ಇದ್ದರೆ ಒಂದು ವಾರ ನೋಡಿ ಬರೆದುಕೊಳ್ಳಿ, ಆ ಹಾಳೆಯನ್ನು ಮುಂದಿನ ಸಲ ಡಾಕ್ಟರಿಗೆ ತೋರಿಸಿ. ಲ್ಯಾಬಿಗೆ ಹೋಗುವ ದಿನ ಮಾತ್ರ ಕಾಫಿ ಬೇಡ, ಬರೀ ನೀರು.

ಆ ಡಾಕ್ಟರ ಹತ್ತಿರ ಹತ್ತು ದಿನ ಬಿಟ್ಟು ನೀರು ಮಾತ್ರ ಕುಡಿದು ಮತ್ತೆ ಹೋಗಿದ್ದೆ. 121 ಬಂತು. ಮಾತ್ರೆ ಹಳೆಯದೇ ಮುಂದುವರಿಸಿ ಅಂದರು. ಹೊರಗೆ ಬಂದಾಗ ಗಂಟೆ ಹತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಎರಡು ಇಡ್ಲಿ ತಿಂದು, ಆಮೇಲೆ ಒಂದು ಸಕ್ಕರೆ ಇಲ್ಲದ ಕಾಫಿ ತಗೊಂಡೆ. ಹೊರಗೆ ಮಳೆ ಜೋರಾಗಿತ್ತು, ನಿಧಾನಕ್ಕೆ ಕುಡಿದೆ.